ಎಣಿಸುವವಳ ಬಂಡೆ

ನಾನು ಸತ್ತು ನೂರೈವತ್ತು ವರ್ಷಗಳಾದವು ಎಂಬ ಸಂಗತಿ ನನಗೆ ತಿಳಿದದ್ದು ಒಂದು ಮಂಗಳವಾರ, ಬೆಳಿಗ್ಗೆ ಹತ್ತೂವರೆಗೆ, ಪ್ರವಾಸೋದ್ಯಮ ಕಚೇರಿಯ ಎರಡನೇ ಮಹಡಿಯಲ್ಲಿ.

ಕೈಯಲ್ಲಿ ಕೆಂಪು ಪೆನ್ನಿತ್ತು. ಎದುರಿಗೆ ‘ಚಹಾ ಬೆಟ್ಟದ ಏಳು ನೋಟಗಳು’ ಎಂಬ ಕೈಪಿಡಿಯ ಕರಡು. ಅದರಲ್ಲಿರುವ ಪ್ರತಿ ಅಂಕಿಯನ್ನೂ ಪ್ರತಿ ವಾಕ್ಯವನ್ನೂ ಸ್ಥಳಕ್ಕೇ ಹೋಗಿ ಪರಿಶೀಲಿಸುವುದು ನನ್ನ ಕೆಲಸ. ಭೌತಶಾಸ್ತ್ರ ಓದಿದವಳಿಗೆ ಇದೂ ಒಂದು ಕೆಲಸವೇ ಎಂದು ಅಮ್ಮ ಫೋನಿನಲ್ಲಿ ಮೂಗು ಮುರಿಯುತ್ತಾಳೆ. ನನಗಂತೂ ಹೇಳಿ ಮಾಡಿಸಿದಂತಿದೆ. ಸೇರಿದ ಮೂರೇ ವಾರಗಳಲ್ಲಿ ‘ತಳವೇ ಇಲ್ಲದ ಸರೋವರ’ದ ಆಳ ಹದಿನಾಲ್ಕು ಅಡಿಯೆಂದು ಹಗ್ಗ ಇಳಿಸಿ ತೋರಿಸಿದ್ದೆ. ‘ದಿನಕ್ಕೊಂದು ಮೆಟ್ಟಿಲಿನ’ ಗೋಪುರದಲ್ಲಿ ಮುನ್ನೂರ ಅರವತ್ತೈದಲ್ಲ, ಇನ್ನೂರ ಎಂಬತ್ತೆಂಟೇ ಮೆಟ್ಟಿಲುಗಳಿವೆಯೆಂದು ಎರಡು ಸಲ ಹತ್ತಿ, ಎರಡು ಸಲ ಇಳಿದು ಎಣಿಸಿದ್ದೆ. ಕಚೇರಿಯಲ್ಲಿ ನನಗೆ ‘ಅಳತೆಪಟ್ಟಿ’ ಎಂಬ ಹೆಸರು ಬಿದ್ದಾಗಿತ್ತು.

ನಾನು ಕ್ರಮ ತಪ್ಪುವವಳಲ್ಲ. ಐದನೆಯ ನೋಟವಾದ ಜಲಪಾತವನ್ನು ಮುಗಿಸಿದ ಮೇಲೆಯೇ ಆರನೆಯ ನೋಟದ ಪುಟವನ್ನು ತಿರುವಿದೆ.

‘ಎಣಿಸುವವಳ ಬಂಡೆ. ನೂರೈವತ್ತು ವರ್ಷಗಳ ಹಿಂದೆ ಒಬ್ಬ ತರುಣಿ ನೀಲಿ ಕೊಡೆ ಹಿಡಿದು ಈ ಬಂಡೆಯ ಮೇಲೆ ಹನ್ನೊಂದು ದಿನ ಕುಳಿತಿದ್ದಳು. ಎದುರಿನ ಚಹಾ ಇಳಿಜಾರಿನಲ್ಲಿ ಹದಿನೇಳು ನೆರಳುಮರಗಳಿವೆ. ಮಂಜು ಸರಿದು ಹದಿನೇಳೂ ಒಟ್ಟಿಗೆ ಕಂಡ ದಿನ ಬರುತ್ತೇನೆಂದು ಅವಳ ಪ್ರಿಯಕರ ಮಾತು ಕೊಟ್ಟಿದ್ದ. ಹತ್ತು ನಿಮಿಷಕ್ಕೊಮ್ಮೆ ಅವಳು ಮರಗಳನ್ನು ಎಣಿಸಿ, ಎಡಗೈಯಲ್ಲಿ ಗೆರೆ ಎಳೆಯುತ್ತಿದ್ದಳು. ಹದಿನೇಳನೆಯದು ಕಾಣಲೇ ಇಲ್ಲ. ಹನ್ನೊಂದನೆಯ ದಿನದ ಸಂಜೆ ಅವಳು ಮಂಜಿನೊಳಗೆ ನಡೆದುಹೋದಳು. ಮತ್ತೆ ಅವಳನ್ನು ಯಾರೂ ನೋಡಲಿಲ್ಲ.’

ಪೆನ್ನು ನನ್ನ ಎಡಗೈಯಿಂದ ಜಾರಿ ಬಿತ್ತು.

ನಾಲ್ಕು ವರ್ಷಗಳ ಹಿಂದೆ, ಪದವಿಯ ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ, ಆ ಬಂಡೆಯ ಮೇಲೆ ಹನ್ನೊಂದು ದಿನ ಕುಳಿತವಳು ನಾನು. ಮಂಜಿನಲ್ಲಿ ದೃಷ್ಟಿ ಎಷ್ಟು ದೂರ ಹೋಗುತ್ತದೆ ಎಂಬುದು ವಿಷಯ. ಎದುರಿನ ಪ್ರತಿ ಮರದ ದೂರವನ್ನೂ ಮೊದಲೇ ಅಳೆದಿಟ್ಟುಕೊಂಡು, ಹತ್ತು ನಿಮಿಷಕ್ಕೊಮ್ಮೆ ಎಷ್ಟು ಮರಗಳು ಕಾಣುತ್ತವೆಂದು ಗುರುತು ಹಾಕುವುದು ವಿಧಾನ. ಆಗ ಆ ಬಂಡೆಗೆ ಹೆಸರೇ ಇರಲಿಲ್ಲ. ಕೊಡೆ ನೀಲಿಯದೇ. ನಾನು ಎಡಚಿ ಎಂಬುದೂ ನಿಜವೇ. ಆದರೆ ನನಗೆ ಯಾವ ಪ್ರಿಯಕರನೂ ಮಾತು ಕೊಟ್ಟಿರಲಿಲ್ಲ. ಹದಿನೇಳೂ ಮರಗಳು ಒಟ್ಟಿಗೆ ಕಂಡದ್ದು ಇಪ್ಪತ್ತಾರು ಸಲ. ಮತ್ತು ನಾನು ಮಂಜಿನೊಳಗೆ ನಡೆದುಹೋಗಿರಲಿಲ್ಲ, ಆರೂಕಾಲಿನ ಬಸ್ಸು ಹತ್ತಿ ಮನೆಗೆ ಹೋಗಿದ್ದೆ.

“ಏನಮ್ಮಾ ಅಳತೆಪಟ್ಟಿ, ದೆವ್ವ ನೋಡಿದ ಹಾಗೆ ಕೂತಿದ್ದೀರಿ?” ವಿಭಾಗದ ಮುಖ್ಯಸ್ಥರು ಬಾಗಿಲಲ್ಲಿ ನಿಂತಿದ್ದರು.

“ನೋಡಿದೆ ಸರ್. ಇಪ್ಪತ್ಮೂರನೇ ಪುಟದಲ್ಲಿ.”

ಅವರು ಕನ್ನಡಕ ತೆಗೆದು ಪುಟದ ಮೇಲೆ ಬಾಗಿದರು. “ಓ, ಇವಳಾ! ಪಾಪ. ಈಗ ಬೆಟ್ಟಕ್ಕೆ ಬರೋರಲ್ಲಿ ಅರ್ಧ ಜನ ಇವಳಿಗೋಸ್ಕರನೇ ಬರ್ತಾರೆ.”

“ಈ ಕಥೆಗೆ ಮೂಲ ಏನು ಸರ್?”

“ಅದನ್ನ ಹುಡುಕೋಕೇ ತಾನೇ ನೀವಿರೋದು? ಶುಕ್ರವಾರ ಪುಸ್ತಕ ಪ್ರೆಸ್ಸಿಗೆ ಹೋಗತ್ತೆ. ನಿಜವಾದ ಐತಿಹ್ಯ ಆದ್ರೆ ಇರಲಿ. ಯಾರೋ ಗೈಡ್ ಕೂತು ಕಟ್ಟಿದ್ದು ಅಂತ ಗೊತ್ತಾದ್ರೆ ಹೆಸರು ಬರೆದು ಕೊಡಿ. ಹೊಸ ನಿಯಮ ಗೊತ್ತಲ್ಲ? ಲೈಸೆನ್ಸ್ ರದ್ದು.”

ಆ ಹನ್ನೊಂದು ದಿನ ನನ್ನ ಕೊಡೆಯನ್ನೂ ನನ್ನ ಎಡಗೈಯನ್ನೂ ನೋಡಿದವನು ಒಬ್ಬನೇ. ಪ್ರತಿದಿನ ಬೆಳಿಗ್ಗೆ ನನ್ನನ್ನು ಅಲ್ಲಿಗೆ ಬಿಟ್ಟು, ಸಂಜೆ ಮರಳಿ ಕರೆದುಕೊಂಡು ಹೋಗುತ್ತಿದ್ದ ಜೀಪಿನವನು.

ಆದರೂ ಊಹೆ ಸಾಕ್ಷಿಯಾಗಲಾರದು. ಮಧ್ಯಾಹ್ನವೇ ಹೊರಟೆ.

ಎಂಟು ಕಿಲೋಮೀಟರ್ ಚಹಾ ತೋಟಗಳ ನಡುವಿನ ದಾರಿ. ಬಾಚಿ ಇಟ್ಟಂತೆ ಸಾಲು ಸಾಲು ಪೊದೆಗಳು, ನಡುನಡುವೆ ಎಲೆ ಕೀಳುವವರ ಬುಟ್ಟಿಗಳು. ಯಾವ ತಿರುವಿನಲ್ಲಿ ಕಣಿವೆ ತೆರೆದುಕೊಳ್ಳುತ್ತದೆ ಎಂದು ನನಗೆ ಇನ್ನೂ ನೆನಪಿದೆ ಎಂಬುದನ್ನು ನಾನು ಗಮನಿಸಲಿಲ್ಲ. ಗಮನಿಸಲಿಲ್ಲವೆಂದು ನನಗೇ ಹೇಳಿಕೊಂಡೆ.

ಬಂಡೆಯ ಬಳಿ ಜಾತ್ರೆಯೇ ನೆರೆದಂತಿತ್ತು. ನಲವತ್ತೊಂದು ಜನ. ಎಲ್ಲರೂ ಎದುರಿನ ಇಳಿಜಾರಿಗೆ ಬೆರಳು ಚಾಚಿ ಎಣಿಸುತ್ತಿದ್ದಾರೆ! ಹದಿನೇಳೂ ಕಂಡವರಿಗೆ ಮನಸ್ಸಿನಲ್ಲಿರುವವರು ಸಿಗುತ್ತಾರಂತೆ. “ಹದಿನೈದು! ಅಯ್ಯೋ, ಇನ್ನೆರಡು ಎಲ್ಲಿ ರೀ?” ಎಂದು ಒಬ್ಬಾಕೆ ಗಂಡನ ತೋಳು ಜಗ್ಗುತ್ತಿದ್ದಳು. “ನಾನಾಗ್ಲೇ ಸಿಕ್ಕಾಯ್ತಲ್ಲೇ, ಇನ್ಯಾರು ಬೇಕು ನಿಂಗೆ?” ಎಂದು ಅವನು.

ಅದಕ್ಕಿಂತ ದೊಡ್ಡ ಆಘಾತ ಬಂಡೆಯ ಪಕ್ಕದಲ್ಲಿ ನಿಂತಿತ್ತು. ಆಳೆತ್ತರದ ಪ್ಲೈವುಡ್ ಹೆಣ್ಣು. ಕೈಯಲ್ಲಿ ನೀಲಿ ಕೊಡೆ, ಸೊಂಟದವರೆಗೆ ಕೂದಲು. ನನ್ನ ಕೂದಲು ಭುಜ ದಾಟಿದ್ದೇ ಇಲ್ಲ. ಮುಖದ ಜಾಗದಲ್ಲಿ ದುಂಡನೆಯ ತೂತು.

“ಬನ್ನಿ ಮೇಡಂ, ಎಣಿಸುವವಳಾಗಿ ಒಂದು ಫೋಟೊ!” ಕೊರಳಿಗೆ ಕ್ಯಾಮೆರಾ ನೇತು ಹಾಕಿಕೊಂಡ ಹೆಂಗಸು ನನ್ನ ಭುಜ ಹಿಡಿದೇಬಿಟ್ಟಳು. ಎಲ್ಲರೂ ಅವಳನ್ನು ‘ಫೋಟೊ ಅಕ್ಕ’ ಎನ್ನುತ್ತಿದ್ದರು.

“ಬೇಡ. ನಾನು ಕಚೇರಿ ಕೆಲಸಕ್ಕೆ ಬಂದಿರೋದು.”

“ಕಚೇರಿಯವರಿಗೆ ಮುಖ ಇರಲ್ವಾ? ಇಡಿ ಇಡಿ.”

ಹಲಗೆಯ ಹಿಂದೆ ನಿಂತು ಮುಖ ಇಟ್ಟೆ. ಬಗ್ಗಬೇಕಾಗಲಿಲ್ಲ, ತುದಿಗಾಲಲ್ಲಿ ನಿಲ್ಲಬೇಕಾಗಲಿಲ್ಲ. ಹಣೆ, ಗಲ್ಲ, ಕಿವಿಯ ಅಂಚು ಎಲ್ಲವೂ ತೂತಿಗೆ ಸರಿಯಾಗಿ ಕುಳಿತವು.

“ಅಯ್ಯೋ ದೇವರೇ!” ಫೋಟೊ ಅಕ್ಕ ಬೆರಗಾದಳು. “ಮೂರು ವರ್ಷದಲ್ಲಿ ಯಾರಿಗೂ ಹೀಗೆ ಕೂತಿರಲಿಲ್ಲ. ಅಳತೆ ಕೊಟ್ಟು ಮಾಡಿಸಿದ ಹಾಗಿದೆಯಲ್ಲಮ್ಮಾ!”

“ಅಳತೆ ಕೊಟ್ಟವರು ಯಾರು?”

“ನನ್ನ ತಮ್ಮ. ತೂತು ಎಲ್ಲಿರಬೇಕು ಅಂತ ಅವನೇ ಪೆನ್ಸಿಲಲ್ಲಿ ಗುರುತು ಹಾಕಿದ್ದು. ಸ್ವಲ್ಪ ಮೇಲಿಡೋ, ಎಲ್ಲರಿಗೂ ಆಗತ್ತೆ ಅಂದ್ರೆ ಕೇಳ್ಬೇಕಲ್ಲ, ‘ಅವಳ ಎತ್ತರ ಇಷ್ಟೇ’ ಅಂತ ಒಂದೇ ಹಟ.”

ಆ ಕ್ಷಣದಲ್ಲಿಯೇ ಕೆಳಗೆ ಜೀಪಿನ ಬಾಗಿಲು ಬಡಿದ ಸದ್ದಾಯಿತು. ಏಳೆಂಟು ಜನರನ್ನು ಹಿಂದೆ ಕಟ್ಟಿಕೊಂಡು ಒಬ್ಬ ಹತ್ತಿ ಬರುತ್ತಿದ್ದ. ನಾಲ್ಕು ವರ್ಷಗಳಲ್ಲಿ ಭುಜ ಅಗಲವಾಗಿತ್ತು. ಮಾತಿನ ನಡುವೆ ತಲೆ ಓರೆ ಮಾಡುವ ಅಭ್ಯಾಸ ಹಾಗೆಯೇ ಇತ್ತು.

“...ಆಮೇಲೆ ಅವಳು ಮಂಜಿನೊಳಗೆ ನಡೆದುಹೋದ್ಳು. ಮತ್ತೆ ಅವಳನ್ನ ಯಾರೂ ನೋಡಲಿಲ್ಲ. ಅದೋ ನೋಡಿ, ಅವಳೇ...”

ಅವನ ಬೆರಳು ಹಲಗೆಯತ್ತ ಚಾಚಿತು. ತೂತಿನೊಳಗಿಂದ ನಾನು ಅವನನ್ನೇ ನೋಡುತ್ತಿದ್ದೆ.

ಬೆರಳು ಗಾಳಿಯಲ್ಲಿಯೇ ನಿಂತಿತು. ಹಿಂದಿನಿಂದ ಯಾರೋ “ಮುಂದೇನಾಯ್ತು?” ಎಂದರು.

“ಬದುಕಿದ್ದೀನಿ,” ಎಂದೆ, ತೂತಿನಿಂದಲೇ. “ಕ್ಷಮಿಸಿ.”

*

ಪ್ರವಾಸಿಗರು ಎಣಿಸುವುದರಲ್ಲಿ ಮುಳುಗಿದರು. ನಾವಿಬ್ಬರೂ ಬಂಡೆಯ ಹಿಂಬದಿಯಲ್ಲಿ ಕುಳಿತೆವು. ನಡುವೆ ಒಂದೂವರೆ ಅಡಿ ಅಂತರ. ಅವನು ನನ್ನನ್ನು ನೋಡುವುದು, ನಾನು ನೋಡಿದೊಡನೆ ಚಹಾ ಗಿಡಗಳನ್ನು ನೋಡುವುದು. ಹೀಗೆ ನಾಲ್ಕು ಸಲ ಆಯಿತು.

“ನೂರೈವತ್ತು ವರ್ಷ?” ಎಂದೆ.

“ಅದು ನಾನಲ್ಲ! ನಾನು ‘ಬಹಳ ಹಿಂದೆ’ ಅಂದೆ, ಅಷ್ಟೆ. ಎಂಟನೇ ನಂಬರ್ ಜೀಪಿನವನು ಐವತ್ತು ಮಾಡ್ದ. ಹೋಟೆಲ್‌ನವರು ಬೋರ್ಡ್ ಬರೆಸುವಾಗ ಅದಕ್ಕೆ ಇನ್ನೊಂದು ನೂರು ಸೇರಿಸಿದ್ರು.”

“ಪ್ರಿಯಕರ?”

ಅವನ ಕಿವಿ ಕೆಂಪಾಯಿತು. “ಒಬ್ಬರು ಅಜ್ಜಿ ಕೇಳಿದ್ರು, ಅಷ್ಟು ದಿನ ಕೂತಿದ್ಳಲ್ಲ, ಯಾರಿಗಾದ್ರೂ ಕಾಯ್ತಿದ್ಳಾ ಅಂತ. ಇಲ್ಲ ಅಜ್ಜಿ, ಮಂಜು ಅಳೀತಿದ್ಳು ಅನ್ನೋಕೆ ಬಾಯಿ ಬರಲಿಲ್ಲ. ಇರಬಹುದು ಅಂದೆ.”

“ನನ್ನನ್ನ ಸಾಯಿಸಿದ್ದು?”

“ನಾನೆಲ್ಲಿ ಸಾಯಿಸಿದೆ? ಮತ್ತೆ ಯಾರೂ ನೋಡಲಿಲ್ಲ ಅಂದೆ. ಅದರಲ್ಲಿ ಸುಳ್ಳೇನಿದೆ? ನಾಲ್ಕು ವರ್ಷ ನಾನು ನೋಡಿಲ್ಲ.”

ಇಂಥ ಹೊತ್ತಿನಲ್ಲಿ ನಾನು ಅಂಕಿಗಳ ಮೊರೆ ಹೋಗುತ್ತೇನೆ. “ಹದಿನೇಳನೇ ಮರ ಕಾಣಲೇ ಇಲ್ಲ ಅಂತ ಬರೆದಿದ್ದಾರೆ. ಇಪ್ಪತ್ತಾರು ಸಲ ಕಂಡಿದೆ.”

“ಇಪ್ಪತ್ತೇಳು.”

“ಏನು?”

“ಎಂಟನೇ ದಿನ ಮಧ್ಯಾಹ್ನ ನಿಮ್ಮ ಕೊಡೆ ಮಗುಚಿಕೊಳ್ತು. ನೀವು ಅದನ್ನ ಸರಿಮಾಡ್ತಿದ್ರಿ. ಆಗ ಹದಿನೇಳೂ ಕಂಡ್ವು, ತಕ್ಷಣ ಮುಚ್ಚಿಹೋದ್ವು. ಹೇಳೋಣ ಅಂದ್ಕೊಂಡೆ, ಬೈತೀರೇನೋ ಅಂತ ಸುಮ್ಮನಾದೆ.”

ನಾನು ದಿಗ್ಭ್ರಮೆಯಿಂದ ಅವನನ್ನೇ ನೋಡಿದೆ. ಅವನು ಬೆಳಿಗ್ಗೆ ನನ್ನನ್ನು ಬಿಟ್ಟು ಹೋಗುತ್ತಾನೆ, ಸಂಜೆ ಬರುತ್ತಾನೆ ಎಂದು ತಿಳಿದಿದ್ದೆ. “ಮಧ್ಯಾಹ್ನ ನೀವು ಇಲ್ಲಿ ಏನು ಮಾಡ್ತಿದ್ರಿ?”

“ಕೆಳಗಿನ ತಿರುವಲ್ಲಿ ಜೀಪು ರಿಪೇರಿ.”

“ಹನ್ನೊಂದು ದಿನಾನೂ?”

“ಹಳೇ ಜೀಪು,” ಎಂದ, ಚಹಾ ಗಿಡಗಳತ್ತ ನೋಡುತ್ತ.

ನಗು ಬಂದುಬಿಟ್ಟಿತು, ಕಷ್ಟಪಟ್ಟು ತಡೆದೆ. “ಅದೆಲ್ಲ ಇರಲಿ. ಹೆಸರೂ ಇಲ್ಲದ ಬಂಡೆಗೆ ಪ್ರವಾಸಿಗರನ್ನ ಕರ್ಕೊಂಡು ಬಂದಿದ್ದಾದ್ರೂ ಯಾಕೆ?”

ಅವನು ಮೊದಲ ಬಾರಿಗೆ ನೇರವಾಗಿ ನನ್ನ ಕಣ್ಣನ್ನು ನೋಡಿದ. “ನೀವೇ ಹೇಳಿದ್ದಲ್ವಾ?”

“ನಾನಾ?”

“ಕೊನೇ ದಿನ ನಾನು ಕೇಳಿದೆ, ನಾಳೆಯಿಂದ ಇಲ್ಲಿಗೆ ಯಾರನ್ನ ಕರ್ಕೊಂಡು ಬರಲಿ ಅಂತ. ಪುಸ್ತಕದಿಂದ ತಲೆ ಎತ್ತದೆ ಹೇಳಿದ್ರಿ, ‘ಪ್ರವಾಸಿಗರು ಬೇಕಾದಷ್ಟು ಜನ ಇದ್ದಾರಲ್ಲ.’ ಸರಿ, ಕರ್ಕೊಂಡು ಬಂದೆ.”

ಗಾಳಿ ನಿಂತುಹೋಯಿತೋ ನನ್ನ ಕಿವಿ ನಿಂತುಹೋಯಿತೋ ತಿಳಿಯಲಿಲ್ಲ. ಬರೀ ಕಲ್ಲಾಗಿದ್ದ ಒಂದು ಕಲ್ಲನ್ನು ನಾಡಿಗೇ ನೋಟವನ್ನಾಗಿ ಮಾಡಿದ್ದು ನಾನು ಬೀಸಾಡಿದ ಒಂದು ವಾಕ್ಯ!

“ನಿಮ್ಮ ಪ್ರಶ್ನೆ ನನಗೆ ಅರ್ಥ ಆಗಿರಲಿಲ್ಲ,” ಎಂದೆ.

“ಗೊತ್ತು. ತಪ್ಪು ನಂದೇ. ಸುತ್ತಿ ಬಳಸಿ ಕೇಳಿದ್ದೆ.”

ಉಳಿದದ್ದನ್ನು ಹೇಳಲೇಬೇಕಿತ್ತು. ಮೂಲ ಯಾರೆಂದು ನಾನು ಬರೆದುಕೊಡಬೇಕು, ಬರೆದರೆ ಲೈಸೆನ್ಸ್ ಹೋಗುತ್ತದೆ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಆಚೆ ಫೋಟೊ ಅಕ್ಕ ಯಾರನ್ನೋ “ಗಲ್ಲ ಮೇಲೆ, ಗಲ್ಲ ಮೇಲೆ” ಎಂದು ಗದರಿಸುತ್ತಿದ್ದಳು.

“ಅಪ್ಪ ಬಿಟ್ಟುಹೋಗಿದ್ದು ಈ ಜೀಪು, ಈ ಬೆಟ್ಟದ ದಾರಿ,” ಎಂದ ಕೊನೆಗೆ. “ಅದು ಬಿಟ್ರೆ ನಂಗೆ ಬೇರೇನೂ ಬರಲ್ಲ. ಅಕ್ಕನಿಗೂ ಅಷ್ಟೆ.” ಎದ್ದು ನಿಂತು ಪ್ಯಾಂಟಿನ ಧೂಳು ಕೊಡವಿದ. “ಆದ್ರೂ ಬರೀರಿ. ಇದ್ದದ್ದನ್ನ ಇದ್ದ ಹಾಗೆ ಬರೀರಿ. ಸುಳ್ಳು ಬರೆಯೋಕೆ ನಿಮ್ಮ ಕೈಲಿ ಆಗಲ್ಲ, ಅಷ್ಟು ನಂಗೊತ್ತು.”

*

ಸಂಜೆ ಬಾಡಿಗೆ ಕೋಣೆಯಲ್ಲಿ ವರದಿ ಬರೆಯಲು ಕುಳಿತೆ. ಕಿಟಕಿ, ಮೇಜು, ಒಂದು ಕುರ್ಚಿ. ಮೂಲ: ಆರನೇ ನಂಬರ್ ಜೀಪಿನ ಗೈಡ್. ಅವಧಿ: ನಾಲ್ಕು ವರ್ಷ. ಆಧಾರ: ವರದಿಗಾರ್ತಿಯೇ ಕಥೆಯಲ್ಲಿನ ತರುಣಿ. ನಂತರ ಹೀಗೆ ಬರೆದೆ: ‘ಕೊನೆಯ ದಿನ ಗೈಡ್ ಕೇಳಿದ ಪ್ರಶ್ನೆಯ ಅರ್ಥ ತರುಣಿಗೆ ತಿಳಿಯಲಿಲ್ಲ.’

ಪ್ರತಿ ವಾಕ್ಯಕ್ಕೂ ಆಧಾರ ಬೇಕಲ್ಲ? ಪೆಟ್ಟಿಗೆಯ ತಳದಿಂದ ಹಳೆಯ ಕ್ಷೇತ್ರ ಪುಸ್ತಕವನ್ನು ತೆಗೆದೆ. ಸಮಯ, ಕಂಡ ಮರಗಳು, ಉಷ್ಣಾಂಶ, ಷರಾ. ಅಂಕಿಗಳೆಲ್ಲ ಅಚ್ಚುಕಟ್ಟಾಗಿದ್ದವು. ಷರಾ ಕಾಲಮ್ಮಿನ ಮೇಲೆ ಕಣ್ಣು ಬಿತ್ತು.

‘ಮೂರನೇ ದಿನ: ಜೀಪು ಏಳು ನಿಮಿಷ ತಡ.’ ‘ಐದನೇ ದಿನ: ಹಸಿರು ಅಂಗಿ.’ ‘ಆರನೇ ದಿನ: ಕಾರಣವಿಲ್ಲದೆ ನಕ್ಕ.’ ‘ಒಂಬತ್ತನೇ ದಿನ: ಜೀಪಿನ ಕನ್ನಡಿ ಹಿಂದಿನ ರಸ್ತೆಯತ್ತ ತಿರುಗಿಲ್ಲ.’

ನಾನು ಬೆಪ್ಪಾಗಿ ಕುಳಿತೆ. ಹಸಿರು ಅಂಗಿಗೂ ಮಂಜಿನ ಸಾಂದ್ರತೆಗೂ ಏನು ಸಂಬಂಧ? ಆ ಕನ್ನಡಿ ಎತ್ತ ತಿರುಗಿತ್ತು ಎಂಬುದನ್ನು ತಿಳಿಯಬೇಕಾದರೆ ನಾನು ಅದರೊಳಗೆ ನೋಡಿರಲೇಬೇಕು. ಅದರಲ್ಲಿ ಅವನ ಕಣ್ಣನ್ನು ಕಂಡಿರಲೇಬೇಕು.

ಹಾಳೆ ಮಗುಚಿದೆ. ಹನ್ನೊಂದನೆಯ ದಿನ. ಸಂಜೆ ನಾಲ್ಕು ಐವತ್ತು. ಆರುನೂರ ಅರವತ್ತು ಮನೆಗಳ ಕೋಷ್ಟಕದಲ್ಲಿ ಕೊನೆಯ ಮನೆ.

ಖಾಲಿ.

ಅದೇ ಸಮಯದಲ್ಲಿ ಅವನು ಪ್ರಶ್ನೆ ಕೇಳಿದ್ದ. ಪ್ರಾಜೆಕ್ಟಿನಲ್ಲಿ ನಾನು ಆ ಮನೆಯ ಎದುರು ‘ಉಪಕರಣದ ದೋಷ’ ಎಂದು ಬರೆದಿದ್ದೆ. ಉಪಕರಣವೆಂದರೆ ನನ್ನ ಎರಡು ಕಣ್ಣುಗಳು. ಮರಗಳು ಎದುರಿಗೇ ಇದ್ದವು. ನನಗೆ ಒಂದೂ ಕಾಣಲಿಲ್ಲ. ಪ್ರಶ್ನೆ ಅರ್ಥವಾಗದ ಹುಡುಗಿಗೆ ಕಣ್ಣೇಕೆ ಕತ್ತಲಿಟ್ಟಿತು?

ಆಗಲೇ ಅಮ್ಮನ ಫೋನು. “ಊಟ ಆಯ್ತಾ?” ಎಂದು ಶುರುಮಾಡಿ, ಎಂದಿನಂತೆ ಅಲ್ಲಿಗೇ ಬಂದಳು: “ಮೂರು ಊರಲ್ಲಿ ಕೆಲಸ ಖಾಲಿ ಇತ್ತು. ಎರಡು ಮನೆ ಹತ್ರಾನೇ. ಹುಡುಕಿ ಹುಡುಕಿ ಆ ಬೆಟ್ಟನೇ ಹತ್ತಿದೆ. ಏನಿಟ್ಟಿದ್ಯೇ ಅಲ್ಲಿ?”

“ಹವೆ ಚೆನ್ನಾಗಿದೆ ಅಮ್ಮಾ,” ಎಂದೆ ಅಭ್ಯಾಸಬಲದಿಂದ. ನನ್ನ ದನಿ ನನಗೇ ಕೇಳಿಸಿತು. ಅದು ಈ ಬೆಟ್ಟದ ಬಗ್ಗೆ ಯಾವ ಗೈಡೂ ಹೇಳದಷ್ಟು ದೊಡ್ಡ ಸುಳ್ಳು.

ಕೆಂಪು ಪೆನ್ನು ತೆಗೆದುಕೊಂಡೆ. ‘ತರುಣಿಗೆ ತಿಳಿಯಲಿಲ್ಲ’ ಎಂಬ ವಾಕ್ಯವನ್ನು ಹೊಡೆದುಹಾಕಿದೆ. ಅದರ ಜಾಗದಲ್ಲಿ ಇನ್ನೊಂದನ್ನು ಬರೆಯಲು ಮಾತ್ರ ಕೈ ಬರಲಿಲ್ಲ.

*

ಬುಧವಾರ ಮುಖ್ಯಸ್ಥರು ವರದಿಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದರು. ಹಾಕಿದರು. ಮತ್ತೆ ತೆಗೆದರು.

“ಅಂದ್ರೆ... ಸತ್ತೋರು ಮೂರು ವಾರದಿಂದ ನಮ್ಮ ಕಚೇರಿಯಲ್ಲೇ ಸಹಿ ಹಾಕ್ತಿದ್ದಾರೆ?”

“ಹೌದು ಸರ್.”

“ಇಲ್ಲೊಂದು ವಾಕ್ಯ ಹೊಡೆದುಹಾಕಿದ್ದೀರಲ್ಲ?”

“ಆಧಾರ ಸಿಗಲಿಲ್ಲ ಸರ್.”

ಅವರು ನನ್ನ ಮುಖವನ್ನೇ ನೋಡಿದರು. “ನಿಯಮದ ಪ್ರಕಾರ ಒಂದು ಮರುಪರೀಕ್ಷೆಗೆ ಅವಕಾಶ ಇದೆ. ನಾಳೆ ನಾನೇ ಅವನ ಜೀಪಲ್ಲಿ ಕೂರ್ತೀನಿ. ಏಳೂ ಜಾಗ. ಇದ್ದದ್ದನ್ನ ಮಾತ್ರ ಹೇಳ್ಬೇಕು. ಒಂದೇ ಒಂದು ಸುಳ್ಳು ಬಂದ್ರೂ ಲೈಸೆನ್ಸ್ ಅಲ್ಲೇ ಇಟ್ಟು ಹೋಗ್ಬೇಕು. ಪರಿಶೀಲನೆಗೆ ನೀವು ಬರ್ತೀರಿ.”

“ನಾನು ಬರಬಾರದು ಸರ್. ನನಗೆ ಸಂಬಂಧ ಇದೆ.”

“ಕಥೆಯಲ್ಲಿ ಸತ್ತಿದ್ದೀರಿ, ಅಷ್ಟೇ ತಾನೇ? ಅದಕ್ಕಿಂತ ಒಳ್ಳೆ ಪರೀಕ್ಷಕಿ ಎಲ್ಲಿ ಸಿಗ್ತಾಳೆ? ಬೇರೆ ಏನಾದ್ರೂ ಸಂಬಂಧ ಇದ್ರೆ ಹೇಳಿ.”

ಗೋಡೆ ಗಡಿಯಾರದಲ್ಲಿ ಹದಿಮೂರು ಸೆಕೆಂಡುಗಳು ಕಳೆದವು.

“ಇಲ್ಲ ಅಂತ ಹೇಳ್ಲಿಲ್ಲ ನೀವು,” ಎಂದು ಮುಖ್ಯಸ್ಥರು ಫೈಲು ಮುಚ್ಚಿದರು. “ಎಂಟು ಗಂಟೆಗೆ ಸರಿಯಾಗಿ ಸ್ಟ್ಯಾಂಡಿನಲ್ಲಿರಿ.”

*

ಗುರುವಾರ ಜೀಪಿನಲ್ಲಿ ಹೊಸದಾಗಿ ಮದುವೆಯಾದ ಜೋಡಿ, ಊರುಗೋಲಿನ ಅಜ್ಜಿ, ಅಜ್ಜಿಯ ಮಗಳು, ಮುಖ್ಯಸ್ಥರು, ನಾನು. ಅವನು ಇಸ್ತ್ರಿ ಮಾಡಿದ ಹಸಿರು ಅಂಗಿ ತೊಟ್ಟಿದ್ದ. ನಾನು ಕನ್ನಡಿಯನ್ನು ನೋಡಬಾರದೆಂದು ನಿರ್ಧರಿಸಿದ್ದೆ. ಎರಡನೆಯ ತಿರುವಿನಲ್ಲಿಯೇ ನೋಡಿದೆ. ಅವನ ಕಣ್ಣು ಅಲ್ಲಿತ್ತು. ಥಟ್ಟನೆ ರಸ್ತೆಗೆ ಹೋಯಿತು.

ಅಷ್ಟು ನೀರಸವಾದ ಪ್ರವಾಸವನ್ನು ಆ ಬೆಟ್ಟ ಕಂಡಿರಲಿಲ್ಲ.

“ಇದು ಸರೋವರ. ಆಳ ಹದಿನಾಲ್ಕು ಅಡಿ.”

“ಅಷ್ಟೇನಾ?” ಎಂದಳು ಮದುಮಗಳು.

“ಅಷ್ಟೇ.”

ಗೋಪುರದ ಕೆಳಗೆ: “ಇನ್ನೂರ ಎಂಬತ್ತೆಂಟು ಮೆಟ್ಟಿಲು. ಅಜ್ಜಿ, ನೀವು ಹತ್ತಬೇಡಿ.” ಪ್ರತಿಧ್ವನಿ ಕಣಿವೆಯಲ್ಲಿ: “ಕೂಗಿದ್ರೆ ತಿರುಗಿ ಕೇಳತ್ತೆ.” “ಕೂಗೋದು ಯಾರ ಆತ್ಮ?” “ನೀವೇ ಕೂಗೋದು.” ಚಹಾ ಕಾರ್ಖಾನೆಯಲ್ಲಿ: “ಇದು ಎಲೆ ಬಾಡಿಸೋ ಕೋಣೆ. ಇಲ್ಲಿಗೆ ಯಾವ ರಾಣಿಯೂ ಬಂದಿರಲಿಲ್ಲ.” ಹಾಲಿನ ಜಲಪಾತದಲ್ಲಿ ಅವನು ಬಹಳ ಯೋಚಿಸಿ, “ನೀರು,” ಎಂದ.

ಅಜ್ಜಿ ಮಗಳ ಕಿವಿಯಲ್ಲಿ ಎಲ್ಲರಿಗೂ ಕೇಳುವಷ್ಟು ಜೋರಾಗಿ ಗೊಣಗಿದಳು: “ಈ ಹುಡುಗನಿಗೆ ಹುಷಾರಿಲ್ವೇನೇ?”

ಆರನೆಯ ನೋಟ ಬಂದಿತು. ಫೋಟೊ ಅಕ್ಕ ಹಲಗೆಗೆ ಬಟ್ಟೆ ಹೊದಿಸಿ, ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಂತಿದ್ದಳು. ನನ್ನನ್ನು ಕಂಡು ಮುಖ ತಿರುಗಿಸಿದಳು. ಮಂಜು ಅರ್ಧ ಇಳಿಜಾರನ್ನು ನುಂಗಿತ್ತು. ಮುಖ್ಯಸ್ಥರು ಪೆನ್ನಿನ ಮುಚ್ಚಳ ತೆಗೆದರು.

ಅವನು ಬಂಡೆಗೆ ಬೆನ್ನು ಕೊಟ್ಟು ನಿಂತ.

“ನಾಲ್ಕು ವರ್ಷದ ಹಿಂದೆ ಇಲ್ಲಿ ಒಬ್ಬಳು ಹನ್ನೊಂದು ದಿನ ಕೂತು ಮರ ಎಣಿಸಿದಳು. ಯಾರಿಗೂ ಕಾಯ್ತಿರಲಿಲ್ಲ. ಕಾಲೇಜಿನ ಕೆಲಸ. ನೂರೈವತ್ತು ವರ್ಷ, ಪ್ರಿಯಕರ ಎಲ್ಲಾ ಸುಳ್ಳು. ಅದನ್ನ ಶುರುಮಾಡಿದ್ದು ನಾನೇ.”

“ಹಾಗಾದ್ರೆ ಸಾಯ್ಲಿಲ್ವಾ?” ಮದುಮಗಳಿಗೆ ಭಾರಿ ನಿರಾಸೆ.

“ಇಲ್ಲ. ಚೆನ್ನಾಗಿದ್ದಾರೆ.” ಅವನು ನನ್ನತ್ತ ನೋಡಲಿಲ್ಲ. “ಕಾಯ್ತಿದ್ದವನು ನಾನು. ಕೆಳಗಿನ ತಿರುವಲ್ಲಿ ಜೀಪು ಕೆಟ್ಟಿದೆ ಅಂತ ನೆಪ ಹೇಳ್ಕೊಂಡು. ಕೊನೇ ದಿನ, ನಾಳೆಯಿಂದ ಇಲ್ಲಿಗೆ ಯಾರನ್ನ ಕರ್ಕೊಂಡು ಬರಲಿ ಅಂತ ಕೇಳಿದೆ. ಅದರರ್ಥ ಏನು ಅಂತ ನಿಮಗೆಲ್ಲ ಗೊತ್ತಾಗತ್ತೆ. ಅವಳಿಗೆ ಅರ್ಥ ಆಗಲಿಲ್ಲ. ಅಷ್ಟೇ ಕಥೆ. ನೋಡೋಕೆ ಇಲ್ಲಿ ಬೇರೇನೂ ಇಲ್ಲ.”

ಹುಷಾರಿಲ್ಲದ ಹುಡುಗನನ್ನು ಅಜ್ಜಿ ಈಗ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

“ಪರೀಕ್ಷಕಿ,” ಎಂದರು ಮುಖ್ಯಸ್ಥರು. “ಎಲ್ಲಾ ಸರಿಯಿದೆಯಾ?”

“ಒಂದು ತಪ್ಪಿದೆ ಸರ್.”

“ಅಯ್ಯೋ!” ಎಂದು ಫೋಟೊ ಅಕ್ಕ ಎದೆ ಹಿಡಿದುಕೊಂಡಳು. ಅವನು ಬಿಳಿಚಿದ ಮುಖವನ್ನು ಮೇಲೆತ್ತಿದ. ಜೇಬಿಗೆ ಕೈ ಹಾಕಿ, ನಿಧಾನವಾಗಿ, ಲೈಸೆನ್ಸಿನ ಕಾರ್ಡನ್ನು ಹೊರತೆಗೆದ.

“ಅವಳಿಗೆ ಅರ್ಥ ಆಗಲಿಲ್ಲ ಅಂದ್ರು,” ಎಂದೆ. “ಅದು ತಪ್ಪು. ಅರ್ಥ ಆಗಿತ್ತು.”

ಕಾರ್ಡು ಅವನ ಬೆರಳುಗಳ ನಡುವೆಯೇ ಉಳಿಯಿತು.

“ಆಗಲೇ?” ಎಂದ. ದನಿ ಪಿಸುಮಾತಿಗಿಂತ ಕಡಿಮೆ.

“ಆಗಲೇ. ಆ ಕ್ಷಣದಲ್ಲೇ. ಎದೆ ಎಷ್ಟು ಹೊಡ್ಕೊಳ್ತು ಅಂದ್ರೆ ಮರ ಎಣಿಸೋಕೂ ಆಗಲಿಲ್ಲ. ಅಳೆಯೋಕೆ ಆಗದೇ ಇರೋದು ಎದುರು ಬಂದಾಗ ಅದು ಇಲ್ಲ ಅಂತ ಬರೆದುಬಿಡೋದು ನನ್ನ ಅಭ್ಯಾಸ. ಹೆದರಿಕೆ.”

ಮುಖ್ಯಸ್ಥರು ಕೆಮ್ಮಿದರು. “ಒಂದು ಸುಳ್ಳು ಬಂದ್ರೂ ಲೈಸೆನ್ಸ್ ರದ್ದು ಅಂದಿದ್ದೆ.”

“ಸುಳ್ಳು ಅವರದ್ದಲ್ಲ ಸರ್. ತಪ್ಪು ಮಾಹಿತಿ ಕೊಟ್ಟವಳು ನಾನು. ಮಂಗಳವಾರ ಕೂಡ ಅದನ್ನೇ ಕೊಟ್ಟೆ.”

“ಹಾಗಾದ್ರೆ ತಿದ್ದಿ. ನಾಳೆ ಪ್ರೆಸ್ಸಿಗೆ ಹೋಗತ್ತೆ.”

“ಇಲ್ಲೇನಾ ಸರ್? ಎಲ್ಲರ ಎದುರು?”

“ಸ್ಥಳಕ್ಕೇ ಹೋಗಿ ತಿದ್ದೋದಲ್ವಾ ನಿಮ್ಮ ಕೆಲಸ?”

ನಾನು ನಡೆದೆ. ಆರು ಹೆಜ್ಜೆ. ಅವನ ಅಂಗಿಯ ಮೇಲಿನ ಗುಂಡಿ ತಪ್ಪು ಕಾಜಿನಲ್ಲಿತ್ತು. ಹತ್ತಿರ ಹೋದಾಗಲೇ ಕಂಡಿತು. ಅವನ ಕಣ್ಣು ಈಗ ಚಹಾ ಗಿಡಗಳತ್ತ ಹೋಗಲಿಲ್ಲ.

“ಇನ್ನೊಂದ್ಸಲ ಕೇಳಿ,” ಎಂದೆ.

ಏಳೂ ಜಾಗಗಳಲ್ಲಿ ಮಾತನ್ನು ಮಳೆಯಂತೆ ಸುರಿಸುವವನು ಐದು ಪದಗಳಿಗಾಗಿ ತಡಕಾಡಿದ. “ನಾಳೆಯಿಂದ... ಇಲ್ಲಿಗೆ... ಯಾರನ್ನ ಕರ್ಕೊಂಡು ಬರಲಿ?”

“ನನ್ನನ್ನ.”

ಮದುಮಗಳು ಕಿರುಚಿದಳು. ಅಜ್ಜಿ ಊರುಗೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಚಪ್ಪಾಳೆ ಹೊಡೆದಳು. ಫೋಟೊ ಅಕ್ಕ ಕ್ಯಾಮೆರಾ ಎತ್ತಿದಳು, ಕಣ್ಣೊರೆಸಿಕೊಂಡಳು, ಬೈದಳು: “ನಾಲ್ಕು ವರ್ಷ ನನ್ನ ತಮ್ಮನ್ನ ಮರ ಎಣಿಸೋ ಹಾಗೆ ಮಾಡಿದ್ಯಲ್ಲೇ, ಮಹಾತಾಯಿ!” ಅವನು ಮಾತ್ರ ಅಲ್ಲಾಡಲಿಲ್ಲ. ಸಿಡಿಲು ಬಡಿದವನಂತೆ ನಿಂತಿದ್ದ. ನಂತರ, ಇದ್ದಕ್ಕಿದ್ದಂತೆ, ಆರನೆಯ ದಿನ ನಕ್ಕಂತೆಯೇ ನಕ್ಕ. ಈ ಸಲ ಕಾರಣ ನನಗೆ ತಿಳಿದಿತ್ತು.

“ಕೀ ಕೊಡಪ್ಪಾ,” ಎಂದರು ಮುಖ್ಯಸ್ಥರು.

“ಸರ್, ಲೈಸೆನ್ಸ್...”

“ಲೈಸೆನ್ಸ್ ಒಳಗಿಟ್ಕೊ. ಜೀಪಿನ ಕೀ. ಉಳಿದಿರೋದು ಹೂದೋಟ ಒಂದೇ. ಅಲ್ಲಿ ಹೂವಿದೆ, ಹೆಸರು ಬರೆದಿದೆ, ಸುಳ್ಳು ಹೇಳೋಕೆ ಜಾಗಾನೇ ಇಲ್ಲ. ಇವರನ್ನೆಲ್ಲ ನಾನೇ ಕರ್ಕೊಂಡು ಹೋಗ್ತೀನಿ.”

“ನಿಮಗೆ ಜೀಪು ಓಡಿಸೋಕೆ ಬರತ್ತಾ ಸರ್?” ನಾನು ಬಾಯಿ ಬಿಟ್ಟು ಕೇಳಿದೆ.

ಅವರು ಕನ್ನಡಕವನ್ನು ಜೇಬಿಗೆ ಇಳಿಸಿದರು. “ಆ ಕುರ್ಚಿಗೆ ಬರೋ ಮುಂಚೆ ಹನ್ನೆರಡು ವರ್ಷ ಮೂರನೇ ನಂಬರ್ ಜೀಪು ನಂದೇ. ತಳವಿಲ್ಲದ ಸರೋವರ ಅಂತ ಮೊದಲು ಹೇಳಿದ್ದು ಯಾರು ಅಂದ್ಕೊಂಡ್ರಿ?”

ಜೀಪು ತಿರುವಿನಲ್ಲಿ ಮರೆಯಾಗುವವರೆಗೂ ನಾವಿಬ್ಬರೂ ಬಾಯಿ ತೆರೆದೇ ನಿಂತಿದ್ದೆವು.

ಆಮೇಲೆ ನಡೆದು ಇಳಿದೆವು. ಬಂಡೆಯಿಂದ ಪೇಟೆಗೆ ಎಂಟು ಕಿಲೋಮೀಟರ್, ಇಳಿಜಾರು, ನಡಿಗೆಯಲ್ಲಿ ಒಂದು ಗಂಟೆ ಐವತ್ತು ನಿಮಿಷ ಎಂದು ಕೈಪಿಡಿಯಲ್ಲಿ ನಾನೇ ಬರೆದಿದ್ದೆ. ಅಂದು ನಮಗೆ ನಾಲ್ಕೂವರೆ ಗಂಟೆ ಹಿಡಿಯಿತು. ಆ ಅಂಕಿಯನ್ನು ಮಾತ್ರ ನಾನು ಕಚೇರಿಗೆ ವರದಿ ಮಾಡಲಿಲ್ಲ.